ಹಳೇ ಬಾವಿಗೆ ಪಿಟ್ ಲೈನ್ ಬಿಡಬಹುದೇ?

ಓದುಗರ ಪ್ರಶ್ನೆ: ವರ್ತೂರು ಪಕ್ಕದ ಹಳೇ ಊರೊಳಗಿನ ಮನೆ ನಮ್ಮದು. ಜಾಗ 30×40. ತಾತನ ಕಾಲದ ಮನೆ ಕೆಡವಿ ಮೂರು ಅಂತಸ್ತು ಕಟ್ಟಿದ್ದೇವೆ, ಬಾಡಿಗೆಯವರೂ ಸೇರಿ 14 ಜನ. ಹಿತ್ತಲಲ್ಲಿ ತಾತ ತೋಡಿಸಿದ ಸೇದುವ ಬಾವಿ ಇದೆ, 6 ಅಡಿ ಅಗಲ, 40 ಅಡಿ ಆಳ. ಬೋರ್‌ವೆಲ್ ಹಾಕಿಸಿದ ಮೇಲೆ ಚಪ್ಪಡಿ ಎಳೆದು ಮುಚ್ಚಿ 20 ವರ್ಷ ಆಯಿತು. ಬೋರು 420 ಅಡಿ. ಎರಡು ಬೇಸಿಗೆಯಿಂದ ಅರ್ಧ ಗಂಟೆ ಓಡಿದರೆ ಗಾಳಿ ಬರುತ್ತದೆ. ಮನೆ ಮುಂದೆ ಶೌಚಾಲಯದ ಕೊಳಚೆ ಇಂಗಲು 3 ಅಡಿ ರಿಂಗಿನ, 20 ಅಡಿ ಆಳದ ಪಿಟ್ ಇದೆ. ಸಂಪಿಗೂ ಅದಕ್ಕೂ ಐದೇ ಅಡಿ. ಮೊದಲು ವರ್ಷಕ್ಕೊಮ್ಮೆ ಪಿಟ್ ಗಾಡಿ ಕರೆಸುತ್ತಿದ್ದೆವು, ಈಗ ಎರಡು ತಿಂಗಳಿಗೊಮ್ಮೆ. ‘ಹಳೇ ಬಾವಿಗೆ ಲೈನ್ ಬಿಟ್ಟುಬಿಡಿ, ಜನ್ಮದಲ್ಲಿ ತುಂಬಲ್ಲ’ ಅಂತಾರೆ ಮೇಸ್ತ್ರಿ. ‘1,200 ಅಡಿ ಹೊಸ ಬೋರ್ ಹೊಡೆಸಿ’ ಅಂತಾರೆ ಭಾವಮೈದ. ಕಾವೇರಿ ಪೈಪು ರಸ್ತೆಗೆ ಬಂದಿದೆ, ನಾವಿನ್ನೂ ಕನೆಕ್ಷನ್ ತೆಗೆದುಕೊಂಡಿಲ್ಲ. ಯುಜಿಡಿ (ಒಳಚರಂಡಿ) ಸಿಕ್ಕಿಲ್ಲ. ಮೊನ್ನೆ ಚಪ್ಪಡಿ ಸರಿಸಿ ನೋಡಿದರೆ ಬಾವಿಯಲ್ಲಿ 18 ಅಡಿಗೇ ತಿಳಿನೀರು! ಬೋರಲ್ಲಿ ಇಲ್ಲದ ನೀರು ಬಾವಿಗೆ ಎಲ್ಲಿಂದ ಬಂತು? ಕುಡಿಯಬಹುದೇ?

ಉತ್ತರ: ಮೊದಲಿಗೆ ಮೇಸ್ತ್ರಿಯವರ ಸಲಹೆಗೆ ಉತ್ತರ: ಬೇಡ, ಯಾವ ಕಾರಣಕ್ಕೂ ಬೇಡ. ಆ ಕೆಲಸ ಈಗಾಗಲೇ ಶುರುವಾಗಿದ್ದರೆ ಇವತ್ತೇ ನಿಲ್ಲಿಸಿ. ಬಾವಿಗೆ ಕೊಳಚೆ ಬಿಡುವುದನ್ನು 1974ರ ಜಲ ಮಾಲಿನ್ಯ ತಡೆ ಕಾಯ್ದೆ ನಿಷೇಧಿಸಿದೆ. ಕಾನೂನಿನ ಮಾತು ಬದಿಗಿಟ್ಟರೂ, ನಿಮ್ಮ ಬೀದಿಯಲ್ಲಿ ಅದೇ ಮಣ್ಣಿನ ನೀರು ಎತ್ತುವ ಪ್ರತಿ ಮನೆಗೂ ಅದು ಹೋಗುತ್ತದೆ, ನಿಮ್ಮ ಮನೆಗೂ ಸೇರಿ.

ನೀವು ಪಿಟ್ಟು, ಬೋರು, ಬಾವಿ ಅಂತ ಮೂರು ತೊಂದರೆ ಬರೆದಿದ್ದೀರಿ. ನೀವೇ ಕೊಟ್ಟ ಎರಡು ಅಳತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಪಿಟ್ಟಿನ ಆಳ 20 ಅಡಿ. ಬಾವಿಯಲ್ಲಿ ನೀರು ಸಿಗುವುದು 18 ಅಡಿಗೆ. ಹಿತ್ತಲು, ಮುಂಭಾಗ ಒಂದೇ ಮಟ್ಟದಲ್ಲಿದ್ದರೆ ನಿಮ್ಮ ಪಿಟ್ಟಿನ ತಳ ಎರಡು ಅಡಿ ಅಂತರ್ಜಲದೊಳಗೇ ಕೂತಿದೆ. ಪಿಟ್ ಯಾಕೆ ಬೇಗ ತುಂಬುತ್ತಿದೆ, ಬಾವಿಯ ನೀರು ಯಾಕೆ ಕುಡಿಯಲಾಗದು, ಎರಡಕ್ಕೂ ಅರ್ಧ ಉತ್ತರ ಇದರಲ್ಲೇ ಇದೆ.

ಇಂಗುವ ಪಿಟ್ ಕೆಲಸ ಮಾಡುವುದು ಒಣ ಮಣ್ಣಿನ ದಯೆಯಿಂದ. ಕೊಳಚೆ ನೀರು ಗಾಳಿಯಾಡುವ ಮಣ್ಣಿನ ಮೂಲಕ ನಿಧಾನವಾಗಿ ಇಳಿಯುವಾಗ ರೋಗಾಣುಗಳಲ್ಲಿ ಹೆಚ್ಚಿನವು ಅಲ್ಲೇ ಸಿಕ್ಕಿಕೊಂಡು ಸಾಯುತ್ತವೆ. ಅದಕ್ಕಾಗಿ ಪಿಟ್ಟಿನ ತಳಕ್ಕೂ ನೀರಿನ ಮಟ್ಟಕ್ಕೂ ನಡುವೆ ಕನಿಷ್ಠ 6 ಅಡಿ ಮಣ್ಣು ಇರಬೇಕು. ಮಳೆಗಾಲದ ಮಟ್ಟವನ್ನು ಲೆಕ್ಕಕ್ಕೆ ಹಿಡಿಯಬೇಕು, ಬೇಸಿಗೆಯದ್ದನ್ನಲ್ಲ. ನಿಮ್ಮಲ್ಲಿ ಅದು ಸೊನ್ನೆಗಿಂತ ಕೆಳಗಿದೆ. ಪಿಟ್ ಆಳವಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಈ ಊರುಗಳಲ್ಲಿ ಬಹಳ ಗಟ್ಟಿ. ಬಾವಿಗಳೆಲ್ಲ ಬತ್ತಿ, ನೀರು ತುಂಬ ಕೆಳಗಿದ್ದ ದಿನಗಳಲ್ಲಿ ಅದರಿಂದ ಆಗುವ ಕೆಡುಕು ಕಣ್ಣಿಗೆ ಬೀಳುತ್ತಿರಲಿಲ್ಲ.

ಇನ್ನೊಂದು ಲೆಕ್ಕ ನೋಡಿ. 14 ಜನ, ತಲೆಗೆ 110 ಲೀಟರ್ ಎಂದರೂ ದಿನಕ್ಕೆ ಸುಮಾರು 1,500 ಲೀಟರ್ ಪಿಟ್ಟಿಗೆ ಇಳಿಯುತ್ತದೆ. 3 ಅಡಿ ಅಗಲ, 20 ಅಡಿ ಆಳದ ಪಿಟ್ ಹಿಡಿಸುವುದು 4,000 ಲೀಟರ್. ಏನೂ ಇಂಗದಿದ್ದರೆ ಮೂರನೇ ದಿನಕ್ಕೆ ಉಕ್ಕಬೇಕಿತ್ತು. ಎರಡು ತಿಂಗಳಲ್ಲಿ ಇಳಿದದ್ದು 90,000 ಲೀಟರ್, ಗಾಡಿ ಎಳೆದುಕೊಂಡು ಹೋಗುವುದು ಅದರಲ್ಲಿ ಒಂದು ಲೋಡು. ಉಳಿದ 80 ಸಾವಿರಕ್ಕೂ ಹೆಚ್ಚು ಲೀಟರ್ ನಿಮ್ಮ ಮನೆಯ ಕೆಳಗಿನ ಮಣ್ಣಿಗೇ ಹೋಗಿದೆ. ಅಕ್ಕಪಕ್ಕದ ಮನೆಗಳಲ್ಲೂ ಇದೇ ಲೆಕ್ಕ.

ಬೋರಲ್ಲಿ ಇಲ್ಲದ ನೀರು ಬಾವಿಯಲ್ಲಿ ಯಾಕಿದೆ ಅಂದರೆ, ಎರಡೂ ಬೇರೆ ಬೇರೆ ಪದರಗಳಿಂದ ನೀರು ಎತ್ತುತ್ತವೆ. ಬೆಂಗಳೂರಿನ ಸುತ್ತ ಮೇಲೆ ಮಣ್ಣು, ಅದರ ಕೆಳಗೆ ಕೊಳೆತು ಪುಡಿಯಾದ ಕಲ್ಲು, ಅದಕ್ಕೂ ಕೆಳಗೆ ಗಟ್ಟಿ ಬಂಡೆ. ತಾತನ ಬಾವಿ ನಿಂತಿರುವುದು ಪುಡಿಕಲ್ಲಿನ ಪದರದಲ್ಲಿ. ಅದು ಸ್ಪಂಜಿನ ಹಾಗೆ. ಮಳೆ ಬಂದರೆ ವಾರಗಳಲ್ಲೇ ತುಂಬುತ್ತದೆ. ಬೋರು ಹುಡುಕುವುದು ಬಂಡೆಯ ಬಿರುಕುಗಳಲ್ಲಿರುವ ನೀರನ್ನು. ಮೇಲಿನ ನೀರು ಆ ಬಿರುಕಿಗೆ ಇಳಿಯಲು ವರ್ಷಗಳೇ ಬೇಕು, ಖಾಲಿ ಮಾಡಲು ಸುತ್ತಲಿನ ಅಪಾರ್ಟ್‌ಮೆಂಟುಗಳ ನಾಲ್ಕು ಮೋಟರು ಸಾಕು.

ಮೇಲಿನ ಪದರ ಮತ್ತೆ ತುಂಬಿರುವುದಕ್ಕೆ ಮಳೆಯೊಂದೇ ಕಾರಣವಲ್ಲ. ಟ್ಯಾಂಕರಿನಲ್ಲಿ ಬಂದ ನೀರು, ಆಳದ ಬೋರುಗಳಿಂದ ಎತ್ತಿದ ನೀರು, ಈಗ ನೂರು ಕಿಲೋಮೀಟರ್ ದೂರದಿಂದ ಬರುತ್ತಿರುವ ಕಾವೇರಿ, ಇವೆಲ್ಲ ಬಳಕೆಯಾದ ಮೇಲೆ ಪಿಟ್ಟುಗಳ ಮೂಲಕ ನೆಲಕ್ಕೇ ಇಳಿಯುತ್ತವೆ. ಪೈಪುಗಳ ಸೋರಿಕೆ, ಕೆರೆಯ ನೀರು ಅದರ ಜೊತೆಗೆ. ನಿಮ್ಮಂಥ 110 ಹಳ್ಳಿಗಳು 2007ರಲ್ಲೇ ಬೆಂಗಳೂರು ಪಾಲಿಕೆಗೆ ಸೇರಿದವು. ಅವುಗಳಿಗೆಂದೇ ಮಾಡಿದ ಕಾವೇರಿ 5ನೇ ಹಂತಕ್ಕೆ, ದಿನಕ್ಕೆ 77.5 ಕೋಟಿ ಲೀಟರಿನದು, ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ. ನಡುವಿನ 17 ವರ್ಷ ಮನೆಗಳು ಪೈಪಿಗಾಗಿ ಕಾಯಲಿಲ್ಲ. ಊರಿಗೆ ಬಾವಿಯೂ ತಿಪ್ಪೆಯೂ ಸಾಕಾಗಿದ್ದ ಜಾಗದಲ್ಲಿ ಮೂರು ಅಂತಸ್ತಿನ ಮನೆಗಳೆದ್ದವು, ಒಂದೊಂದಕ್ಕೂ ಒಂದೊಂದು ಪಿಟ್.

ಹಾಗಾದರೆ ತಿಳಿಯಾಗಿ ಕಂಡ ಆ ನೀರು ಕುಡಿಯಬಹುದೇ? ಈಗಿನ ಸ್ಥಿತಿಯಲ್ಲಿ ಕೂಡದು. ಬಾವಿಗೂ ಪಿಟ್ಟಿಗೂ ಕನಿಷ್ಠ 50 ಅಡಿ ಅಂತರ ಇರಬೇಕೆಂಬುದು ಸಾಮಾನ್ಯ ನಿಯಮ. 30×40 ಜಾಗದಲ್ಲಿ ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದರೆ ಸರಿಯಾಗಿ 50 ಅಡಿ ಬರುತ್ತದೆ. ಅಂದರೆ ಬಾವಿಯನ್ನು ಒಂದು ಮೂಲೆಗೂ ಪಿಟ್ಟನ್ನು ಎದುರು ಮೂಲೆಗೂ ಒತ್ತಿದರೆ ಮಾತ್ರ ನಿಯಮ ಪಾಲಿಸಿದಂತೆ, ಅದೂ ಪಕ್ಕದ ಮನೆಯವರ ಪಿಟ್ಟನ್ನು ಮರೆತರೆ.

ಪರೀಕ್ಷೆ ಮಾಡಿಸದೆ ಯಾವ ತೀರ್ಮಾನಕ್ಕೂ ಬರಬೇಡಿ. ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿಗೆ ಬಾವಿ ಮತ್ತು ಬೋರಿನ ನೀರು ಬೇರೆ ಬೇರೆ ಕೊಡಿ. ಕೇಳಬೇಕಾದದ್ದು: ಇ-ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ), ನೈಟ್ರೇಟ್, ಕ್ಲೋರೈಡ್, ಫ್ಲೋರೈಡ್, ಗಡಸುತನ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ), ಕಬ್ಬಿಣ. ಬ್ಯಾಕ್ಟೀರಿಯಾ ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಸ್ಟೆರೈಲ್ ಬಾಟಲಿ ಬೇಕು. ಮಿನರಲ್ ವಾಟರಿನ ಖಾಲಿ ಬಾಟಲಿ ನಡೆಯದು. ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲುಪಿಸಿ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ 100 ಮಿಲಿಲೀಟರಿನಲ್ಲಿ ಒಂದೂ ಇ-ಕೋಲಿ ಇರಬಾರದು, ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ಫ್ಲೋರೈಡ್ 1.5 ಮೀರಬಾರದು. ನೈಟ್ರೇಟೂ ಕ್ಲೋರೈಡೂ ಒಟ್ಟಿಗೆ ಏರಿದ್ದರೆ ಪಿಟ್ಟಿನ ನೀರು ಸೇರುತ್ತಿದೆ ಅಂತಲೇ ತಿಳಿಯಿರಿ.

‘ಕುದಿಸಿ ಕುಡಿತೀವಿ ಬಿಡಿ’ ಅನ್ನುವವರಿಗೆ ಒಂದು ಮಾತು. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಆರು ತಿಂಗಳೊಳಗಿನ ಮಗುವಿಗೆ ಅಂಥ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮಗು ನೀಲಿಗಟ್ಟುವ ಅಪಾಯವಿದೆ. ಬಾಡಿಗೆ ಮನೆಗಳಲ್ಲಿ ಹಸುಗೂಸು ಇದ್ದರೆ ಈ ವಿಷಯ ಅವರ ಕಿವಿಗೆ ಇವತ್ತೇ ಹಾಕಿ.

ಇದಕ್ಕಿಂತ ತುರ್ತಿನ ವಿಷಯ ಒಂದಿದೆ, ನೀವು ಅದನ್ನು ಬರೀ ಒಂದು ಅಳತೆಯಾಗಿ ಬರೆದು ಮುಂದೆ ಹೋಗಿದ್ದೀರಿ: ಸಂಪಿಗೂ ಪಿಟ್ಟಿಗೂ ಐದು ಅಡಿ. ಸಂಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ನಾಳೆ ಬರುವ ಕಾವೇರಿಗೂ ಅದೇ ಕೊಳಚೆ ಸೇರುತ್ತದೆ. ಹೀಗೆ ನೋಡಿ: ರಾತ್ರಿ ಸಂಪನ್ನು ಪೂರ್ತಿ ತುಂಬಿಸಿ, ಒಳಬರುವ ವಾಲ್ವು, ಮೋಟರು ಎರಡನ್ನೂ ಬಂದ್ ಮಾಡಿ, ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಬೆಳಿಗ್ಗೆ ಗೆರೆಗಿಂತ ಇಳಿದಿದ್ದರೆ ಸೋರುತ್ತಿದೆ. ಇನ್ನೊಂದು ರಾತ್ರಿ ಮುಕ್ಕಾಲು ಖಾಲಿ ಮಾಡಿ, ಪಿಟ್ ತುಂಬಿರುವ ಸಮಯದಲ್ಲೇ, ಮತ್ತೆ ಗೆರೆ ಎಳೆಯಿರಿ. ಬೆಳಿಗ್ಗೆ ಮಟ್ಟ ಏರಿದ್ದರೆ ಹೊರಗಿನ ನೀರು ಒಳಗೆ ಬರುತ್ತಿದೆ. ಅಂಥ ಸಂಪಿನ ನೀರನ್ನು ಬಾಯಿಗೆ ಹಾಕಬೇಡಿ, ಸೊಪ್ಪು ತರಕಾರಿ ತೊಳೆಯಲೂ ಬೇಡ. ಖಾಲಿ ಮಾಡಿ, ಒಳಗೋಡೆ ಕೆರೆದು, ವಾಟರ್‌ಪ್ರೂಫ್ ಸಿಮೆಂಟ್ ಗಾರೆ ಎರಡು ಕೋಟು ಹೊಡೆಸಿ, ಒಂದು ವಾರ ನೀರು ಹಾಕಿ ಒಣಗಿಸದೆ ಗಟ್ಟಿಯಾಗಲು ಬಿಡಿ. ಜಾಗ ಸಿಕ್ಕರೆ ಕಾವೇರಿಗೆ ಹೊಸ ಪ್ಲಾಸ್ಟಿಕ್ ಟ್ಯಾಂಕನ್ನು ನೆಲದ ಮೇಲೆಯೇ ಇಡುವುದು ಇನ್ನೂ ಕ್ಷೇಮ.

ಈಗ ಭಾವಮೈದನವರ ಸಲಹೆ. ಬೆಂಗಳೂರು ಪೂರ್ವ ಅಂತರ್ಜಲ ಅತಿಬಳಕೆಯ ತಾಲ್ಲೂಕು. 2011ರ ಅಂತರ್ಜಲ ಕಾಯ್ದೆಯಡಿ ಹೊಸ ಬೋರಿಗೆ ಮೊದಲೇ ಅನುಮತಿ ಬೇಕು. ಅನುಮತಿ ಸಿಕ್ಕರೂ 1,200 ಅಡಿಯಲ್ಲಿ ನೀರು ಸಿಕ್ಕೇ ಸಿಗುತ್ತದೆಂದು ಪಾಯಿಂಟ್ ನೋಡುವವರು ತೆಂಗಿನಕಾಯಿ ಹಿಡಿದು ಹೇಳಿದರೂ ನಂಬಬೇಡಿ. ಬಂಡೆಯಲ್ಲಿ ಆಳ ಹೋದಷ್ಟೂ ಬಿರುಕುಗಳು ಬಿಗಿಯಾಗುತ್ತವೆ, ಸಿಕ್ಕುವ ನೀರಿನಲ್ಲಿ ಗಡಸುತನವೋ ಫ್ಲೋರೈಡೋ ಜಾಸ್ತಿ ಇರುವ ಸಂಭವವೂ ಹೆಚ್ಚು. ಸಾವಿರ ಅಡಿಯಿಂದ ಸೆಕೆಂಡಿಗೆ ಒಂದು ಲೀಟರ್ ಎತ್ತಲು ಹೆಚ್ಚು ಕಡಿಮೆ 8 ಎಚ್‌ಪಿ ಮೋಟರ್ ಬೇಕು, ಆ ಕರೆಂಟು ಬಿಲ್ಲು ತಿಂಗಳು ತಿಂಗಳು ಕಟ್ಟಬೇಕು. ಅಷ್ಟು ದುಡ್ಡು ಹಾಕುವ ಮೊದಲು ಇರುವ ಬೋರನ್ನೇ ಪರೀಕ್ಷಿಸಿ. ರಾತ್ರಿಯೆಲ್ಲ ನಿಲ್ಲಿಸಿ ಬೆಳಿಗ್ಗೆ ನೀರು ಎಷ್ಟು ಅಡಿಗಿದೆ, ಮೋಟರ್ ಎಷ್ಟು ಅಡಿಗೆ ಇಳಿಸಿದ್ದಾರೆ ಅಂತ ಅಳೆಸಿ. ಮೋಟರ್ 300 ಅಡಿಯಲ್ಲೇ ಇದ್ದು, ಕೆಳಗೆ ಇನ್ನೂ ನೂರು ಅಡಿ ಇದ್ದರೆ ಪೈಪು ಜೋಡಿಸಿ ಇಳಿಸಬಹುದು. ಕಂಪ್ರೆಸರ್ ಹಾಕಿ ಫ್ಲಶ್ ಮಾಡಿಸಿದರೆ ಹೂಳು ಕಟ್ಟಿದ ಬಿರುಕು ಒಂದಷ್ಟು ಬಿಡಿಸಿಕೊಳ್ಳಬಹುದು. ಯಾವುದರಿಂದಲೂ ಆಗದಿದ್ದರೆ ದಿನಕ್ಕೆ ಎರಡು ಸಲ ಇಪ್ಪತ್ತಿಪ್ಪತ್ತು ನಿಮಿಷ ಓಡಿಸಿ, ಡ್ರೈ ರನ್ ಆಗದ ಹಾಗೆ ಪ್ಯಾನೆಲ್‌ನಲ್ಲಿ ಕಟ್-ಆಫ್ ಹಾಕಿಸಿ.

ಕಾವೇರಿ ಕನೆಕ್ಷನ್ ಮುಂದೂಡಬೇಡಿ. ಕುಡಿಯಲು, ಅಡುಗೆಗೆ ನಿಮ್ಮ ಮನೆಗೆ ಸದ್ಯ ಅದೇ ನಂಬಿಗಸ್ತ ನೀರು. ತೆಗೆದುಕೊಳ್ಳುವಾಗ ಎರಡು ಕಡೆ ಎಚ್ಚರ ಬೇಕು. ಮನೆಗೆ ಬರುವ ಪೈಪು ಚರಂಡಿ ದಾಟುವ ಜಾಗದಲ್ಲಿ ಜಾಯಿಂಟ್ ಇರಕೂಡದು. ನೀರು ನಿಂತ ಹೊತ್ತಿನಲ್ಲಿ ಪೈಪು ಒಳಕ್ಕೆಳೆದುಕೊಳ್ಳುತ್ತದೆ, ಚರಂಡಿ ನೀರು ಜಾಯಿಂಟಿನಿಂದಲೇ ನುಗ್ಗುತ್ತದೆ. ಇದೇ ಕಾರಣಕ್ಕೆ ಲೈನಿಗೆ ನೇರವಾಗಿ ಮೋಟರ್ ಹಾಕಿ ಎಳೆಯಕೂಡದು, ಅದು ಕಾನೂನುಬಾಹಿರ ಕೂಡ. ನೀರು ಬಿಟ್ಟಾಗ ಮೊದಲ ಐದು ನಿಮಿಷದ ನೀರನ್ನು ಬಕೆಟ್ಟಿಗೆ ಹಿಡಿದು ಗಿಡಕ್ಕೆ ಹಾಕಿ. ವಾಸನೆ ಬಂದರೆ ಜಲಮಂಡಳಿಯ 1916ಕ್ಕೆ ಕರೆ ಮಾಡಿ ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ಬೋರಿನ ನೀರು, ಟ್ಯಾಂಕರ್ ನೀರು, ಕಾವೇರಿ ಮೂರನ್ನೂ ಒಂದೇ ಸಂಪಿಗೆ ಬಿಡುವುದು ಈ ಬೀದಿಗಳಲ್ಲಿ ಮಾಮೂಲು; ಆಗ ಮೂರರಲ್ಲಿ ಯಾವುದು ಕೆಟ್ಟಿದ್ದರೂ ಪೂರ್ತಿ ಸಂಪು ಕೆಡುತ್ತದೆ.

ಪಿಟ್ಟಿನ ವಿಷಯದಲ್ಲಿ ಯುಜಿಡಿ ಬರುವ ತನಕ ಎರಡು ದಾರಿ ಇದೆ, ಎರಡಕ್ಕೂ ಬೆಲೆ ತೆರಬೇಕು. ಮೊದಲನೆಯದು, ಇರುವ ಹಾಗೇ ಬಿಟ್ಟು ಗಾಡಿ ಕರೆಸುತ್ತಿರುವುದು. ಹೊಸ ಖರ್ಚಿಲ್ಲ, ಅಂತರ್ಜಲ ಕೆಡುವುದು ಮಾತ್ರ ನಿಲ್ಲದು. ಎರಡನೆಯದು, ಪಿಟ್ಟಿಗಿಂತ ಮೊದಲು ಎರಡು ಖಾನೆಯ ಸೆಪ್ಟಿಕ್ ಟ್ಯಾಂಕ್ ಕಟ್ಟಿಸುವುದು. 14 ಜನಕ್ಕೆ ಒಳ ಅಳತೆ 2 ಮೀಟರ್ ಉದ್ದ, 90 ಸೆಂಟಿಮೀಟರ್ ಅಗಲ, ನೀರು ನಿಲ್ಲುವ ಆಳ 1.3 ಮೀಟರ್ ಇದ್ದರೆ 2,300 ಲೀಟರ್ ಹಿಡಿಸುತ್ತದೆ. ಕೊಳಚೆ ಒಂದು ದಿನಕ್ಕೂ ಹೆಚ್ಚು ನಿಂತು ಗಸಿ ಕೆಳಗಿಳಿಯುತ್ತದೆ. ಅದರಿಂದ ಹೊರಬರುವ ನೀರನ್ನು ಈಗಿನ ಪಿಟ್ಟಿಗೇ ಬಿಡಿ, ಆದರೆ ಪಿಟ್ಟಿನ ತಳವನ್ನು ಮಣ್ಣು, ಮರಳು ತುಂಬಿ 10 ಅಡಿಗೆ ಏರಿಸಿ. ಇಂಗುವ ಜಾಗ ಕಡಿಮೆಯಾಗುವುದರಿಂದ ಪಕ್ಕದಲ್ಲಿ ಅಷ್ಟೇ ಆಳದ ಇನ್ನೊಂದು ಬೇಕಾಗಬಹುದು. 30×40ರಲ್ಲಿ ಜಾಗ ಹೊಂದಿಸುವುದು ಕಷ್ಟ ಅಂತ ಗೊತ್ತು. ಯುಜಿಡಿ ಪೈಪು ನಿಮ್ಮ ರಸ್ತೆಯಲ್ಲಿ ಹಾಕಿಯಾಗಿದ್ದು ಸಂಪರ್ಕ ಮಾತ್ರ ಬಾಕಿ ಇದ್ದರೆ ಈ ಖರ್ಚು ಮಾಡದೆ ಕಾಯಿರಿ. ಅಗೆಯುವುದೇ ಶುರುವಾಗಿಲ್ಲದಿದ್ದರೆ ಟ್ಯಾಂಕ್ ಕಟ್ಟಿಸಿ ಅನ್ನುವುದೇ ನನ್ನ ಸಲಹೆ.

ಫಿನಾಯಿಲು, ಆಸಿಡ್ಡು ಸುರಿದರೆ ಪಿಟ್ ಇಂಗುತ್ತದೆ ಅನ್ನುವುದು ಸುಳ್ಳು. ಗಸಿಯನ್ನು ಕರಗಿಸುವ ಬ್ಯಾಕ್ಟೀರಿಯಾಗಳೇ ಅದರಿಂದ ಸಾಯುತ್ತವೆ. ರಿಂಗಿನ ತೂತುಗಳನ್ನು ಮುಚ್ಚುವುದು ಅಡುಗೆಮನೆಯ ಜಿಡ್ಡು ಮತ್ತು ಸೋಪಿನ ಲೋಳೆ. ಸಿಂಕಿನ ಪೈಪಿಗೆ ಜಿಡ್ಡು ಹಿಡಿಯುವ ಸಣ್ಣ ಚೇಂಬರ್ ಹಾಕಿಸಿ ಹದಿನೈದು ದಿನಕ್ಕೊಮ್ಮೆ ತೆಗೆಯಿರಿ. ಯಾರನ್ನೂ ಪಿಟ್ಟಿಗೆ ಇಳಿಸಬೇಡಿ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅದು ಅಪರಾಧ. ಒಳಗಿನ ಗಾಳಿ ಎರಡೇ ಉಸಿರಿಗೆ ಪ್ರಜ್ಞೆ ತಪ್ಪಿಸುತ್ತದೆ, ಎತ್ತಲು ಇಳಿದವರೂ ಉಳಿಯುವುದಿಲ್ಲ.

ಇನ್ನು ತಾತನ ಬಾವಿ. ಅದನ್ನು ಉಳಿಸಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ. 6 ಅಡಿ ಅಗಲದ ಬಾವಿಯಲ್ಲಿ 22 ಅಡಿ ನೀರು ನಿಂತಿದೆ ಅಂದರೆ ಸುಮಾರು 17,600 ಲೀಟರ್, 6,000 ಲೀಟರಿನ ಹತ್ತಿರ ಹತ್ತಿರ ಮೂರು ಟ್ಯಾಂಕರ್. ಕುಡಿಯಲು ಬಾರದಿದ್ದರೂ ಫ್ಲಶ್, ನೆಲ ಒರೆಸುವುದು, ಗಾಡಿ ತೊಳೆಯುವುದು, ಗಿಡ, ಇಷ್ಟಕ್ಕೆ ಧಾರಾಳ. ಶೌಚಾಲಯಕ್ಕೆ ಬೇರೆ ಓವರ್‌ಹೆಡ್ ಟ್ಯಾಂಕು, ಬೇರೆ ಪೈಪು ಬೇಕು. ಬಣ್ಣ ಬಳಿದು ಗುರುತು ಮಾಡಿಸಿ, ಮುಂದೆ ಯಾವ ಪ್ಲಂಬರೂ ಎರಡನ್ನೂ ಕೂಡಿಸದ ಹಾಗೆ.

20 ವರ್ಷ ಮುಚ್ಚಿದ್ದ ಬಾವಿಗೆ ಯಾರೂ ಆತುರದಲ್ಲಿ ಇಳಿಯಬಾರದು. ಚಪ್ಪಡಿ ತೆಗೆದು ಎರಡು ದಿನ ಬಿಡಿ, ಬ್ಲೋಯರ್ ಹಾಕಿ ಗಾಳಿ ಆಡಿಸಿ. ದೀಪ ಇಳಿಸಿ ನೋಡುವ ಹಳೇ ಪದ್ಧತಿಯನ್ನು ನೆಚ್ಚಬೇಡಿ. ಪಕ್ಕದಲ್ಲಿ ಪಿಟ್ ಇದ್ದರೆ ಹೊತ್ತಿಕೊಳ್ಳುವ ಗಾಳಿಯೂ ಇರಬಹುದು, ದೀಪ ಆರದಿದ್ದರೂ ವಿಷಗಾಳಿ ಇರಬಹುದು. ಗಾಳಿ ಅಳೆಯುವ ಮೀಟರ್ ಇಟ್ಟುಕೊಂಡಿರುವ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುವ ಅನುಭವಿಗಳೇ ಆಗಬೇಕು. ಸರ್ಜಾಪುರದ ಹತ್ತಿರದ ಭೋವಿಪಾಳ್ಯದಲ್ಲಿ ತಲೆತಲಾಂತರದಿಂದ ಬಾವಿ ತೋಡುವ ಮನೆತನಗಳಿವೆ, ನಿಮಗೆ ದೂರವೇನಲ್ಲ. ಒಳಗೆ ಜನ ಇರುವಾಗ ನೀರಿನ ಮೋಟರಿಗೆ ಕರೆಂಟು ಇರಬಾರದು. ಹೂಳು ತೆಗೆಸಿ, ಬಿದ್ದ ಕಲ್ಲು ಕೂರಿಸಿ, ಆದರೆ ಒಳಗೋಡೆಗೆ ಸಿಮೆಂಟ್ ಮೆತ್ತಿಸಬೇಡಿ. ನೀರು ಒಳಬರುವುದು ಆ ಕಲ್ಲುಗಳ ಸಂದಿನಿಂದಲೇ. ಮೇಲೆ ಎರಡೂವರೆ ಅಡಿ ಕಟ್ಟೆ, ಬೀಗ ಹಾಕುವ ಕಬ್ಬಿಣದ ಜಾಲರಿ, ಸೊಳ್ಳೆ ಪರದೆ.

ಸ್ವಚ್ಛ ಮಾಡಿದ ಮೇಲೆ ಸಂಜೆ ಐದು ಅಡಿ ನೀರು ಎತ್ತಿ, ಬೆಳಿಗ್ಗೆ ಎಷ್ಟು ಏರಿದೆ ನೋಡಿ. ಐದು ಅಡಿ ಅಂದರೆ 4,000 ಲೀಟರ್. ಅಷ್ಟೂ ವಾಪಸ್ ಬಂದಿದ್ದರೆ ದಿನಕ್ಕೆ ಅಷ್ಟು ಎತ್ತಲು ಅಡ್ಡಿಯಿಲ್ಲ.

ಮಳೆನೀರನ್ನು ನೇರ ಬಾವಿಗೆ ಬಿಡುವ ಮೊದಲು ಯೋಚಿಸಿ. ನಿಮ್ಮ ತಾರಸಿ 800 ಚದರಡಿ ಎಂದುಕೊಳ್ಳೋಣ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಐದರಲ್ಲಿ ಒಂದು ಪಾಲು ಪೋಲಾದರೂ 58,000 ಲೀಟರ್ ಸಿಗುತ್ತದೆ. ಈ ನೀರು ನಿಮ್ಮ ಬಾವಿಯ ನೀರಿಗಿಂತ ಚೊಕ್ಕ. ಅದನ್ನು ಮೊದಲು ಬೇರೆ ಟ್ಯಾಂಕಿಗೆ ಹಿಡಿದು ಬಟ್ಟೆ, ಸ್ನಾನಕ್ಕೆ ಬಳಸಿ, ಉಕ್ಕಿದ್ದು ಮಾತ್ರ ಬಾವಿಗೆ ಹೋಗಲಿ. ಪ್ರತಿ ಮಳೆಯ ಮೊದಲ ನೂರು ಲೀಟರ್ ಹೊರಗೆ ಹೋಗುವ ಹಾಗೆ ವಾಲ್ವು, ಆಮೇಲೆ 200 ಲೀಟರಿನ ಡ್ರಮ್ಮಿನಲ್ಲಿ ಕೆಳಗೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಇದ್ದಿಲು, ಮರಳು, ನಡುವೆ ನೈಲಾನ್ ಜಾಲರಿ ಹಾಕಿದ ಫಿಲ್ಟರ್ ಸಾಕು. ಕಟ್ಟಿರುವ ಮಾದರಿಗಳನ್ನು ಕಣ್ಣಾರೆ ನೋಡಬೇಕಿದ್ದರೆ ಜಯನಗರದಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ.

ಯುಜಿಡಿ ಸಂಪರ್ಕ ಸಿಕ್ಕ ದಿನ ಪಿಟ್ಟನ್ನು ಗಾಡಿಯಿಂದ ಪೂರ್ತಿ ಎಳೆಸಿ, ಸುಣ್ಣ ಹಾಕಿಸಿ, ಮಣ್ಣು ತುಂಬಿ ಅದುಮಿಸಿ. ಅದನ್ನೇ ಇಂಗುಬಾವಿ ಮಾಡಿಕೊಳ್ಳುತ್ತೇವೆ ಅನ್ನುವವರು ಬಹಳ, ದಯವಿಟ್ಟು ಮಾಡಬೇಡಿ. ಮಳೆನೀರು ಹಳೇ ಗಸಿಯನ್ನೆಲ್ಲ ತೊಳೆದು ಕೆಳಗೆ ಒಯ್ಯುತ್ತದೆ. ಬೀದಿಯ ಹತ್ತು ಮನೆಯೂ ಒಟ್ಟಿಗೆ ಸಂಪರ್ಕ ತೆಗೆದುಕೊಂಡರೆ ಬಾವಿಯ ನೀರು ತಿಳಿಯಾಗುವುದು ಬೇಗ, ನೀವೊಬ್ಬರೇ ಮಾಡಿದರೆ ಪಕ್ಕದವರ ಪಿಟ್ ಅದನ್ನು ಕೆಡಿಸುತ್ತಲೇ ಇರುತ್ತದೆ. ಅಲ್ಲಿಂದಾಚೆ ಪ್ರತಿ ಮೇ ತಿಂಗಳಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ ಅದೇ ಲ್ಯಾಬಿನಲ್ಲಿ ನೈಟ್ರೇಟ್, ಇ-ಕೋಲಿ ನೋಡಿಸಿ, ಬಾವಿಕಟ್ಟೆಯಿಂದ ನೀರಿಗೆ ಎಷ್ಟು ಅಡಿ ಅನ್ನುವುದನ್ನು ಅದೇ ವರದಿಯ ಮೇಲೆ ಬರೆದಿಡಿ. ನಾಲ್ಕು ವರದಿಗಳಲ್ಲಿ ನೈಟ್ರೇಟ್ ಇಳಿಯುತ್ತಲೇ ಹೋಗಿ 45ರ ಕೆಳಗೆ ನಿಂತು, ಇ-ಕೋಲಿ ಒಮ್ಮೆಯೂ ಕಾಣದಿದ್ದರೆ, ಆಗ ಆ ಬಾವಿಯ ನೀರನ್ನು ಅಡುಗೆಗೆ ಬಳಸುವ ಮಾತು ಆಡಬಹುದು.